ಕನ್ನಡ ಹಾರರ್ ಪ್ರಿಯರಿಗೊಂದು ಆನ್‌ಲೈನ್ ಬಳಗ: ಎಲ್ಲಿಂದ ಶುರು ಮಾಡೋದು?

ಹುಣಸೆಮರ (ಪ್ರಶ್ನೆ)

ದೆವ್ವದ ಕಥೆ, ಹಾರರ್ ಸಿನಿಮಾ, ಹಳ್ಳಿ ಕಡೆಯ ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ ಅಂದ್ರೆ ಕಿವಿ ನಿಮಿರಿಸುವ ಕನ್ನಡಿಗರಿಗೆ ಒಂದು ಬಳಗ ಕಟ್ಟಬೇಕು ಅಂತಿದ್ದೇವೆ. ಸದ್ಯ ಇರೋದು ವಾಟ್ಸಾಪ್ ಗುಂಪು, 60 ಜನ. ಬೆಳಗ್ಗೆ ಹಾಕಿದ ಕಥೆ ಸಂಜೆಯೊಳಗೆ ಹೂತುಹೋಗುತ್ತೆ, ಆಮೇಲೆ ಹುಡುಕಿದರೂ ಸಿಗಲ್ಲ. ಸಿನಿಮಾ ನೋಡದವರ ಎದುರೇ ಕ್ಲೈಮ್ಯಾಕ್ಸ್ ಬಯಲಾಗುತ್ತೆ. ಫೋನ್ ನಂಬರ್ ಎಲ್ಲರಿಗೂ ಕಾಣುತ್ತೆ ಅಂತ ಹೆಣ್ಣುಮಕ್ಕಳು ಸೇರೋಕೆ ಹಿಂಜರಿಯುತ್ತಾರೆ.

ತಿಳೀಬೇಕಾಗಿರೋದು ಇಷ್ಟು. ಟೆಲಿಗ್ರಾಂ, ಡಿಸ್ಕಾರ್ಡ್, ಸ್ವಂತ ಸೈಟ್, ಈ ಮೂರರಲ್ಲಿ ಯಾವುದು? ಎಷ್ಟು ಕೋಣೆ ಮಾಡಬೇಕು? ಸ್ಪಾಯ್ಲರ್ (ಕಥೆಯ ಗುಟ್ಟು ಬಯಲು ಮಾಡೋ ಮಾತು), ರಕ್ತಸಿಕ್ತ ಚಿತ್ರ, "ನಿಜವಾಗ್ಲೂ ನಡೆದದ್ದು" ಅನ್ನೋ ಪೋಸ್ಟ್‌ಗಳಿಗೆ ನಿಯಮ ಹೇಗಿರಬೇಕು? ಸದ್ಯ ಅಂದುಕೊಂಡಿರೋ ಕೋಣೆಗಳು: ಸಿನಿಮಾ, ಸ್ವಂತ ಕಥೆ, ಅನುಭವ, ಭೂತಬಂಗಲೆ (ಹಾಳುಮನೆ, ಹಳೇ ಜಾಗಗಳ ಬಗ್ಗೆ), ವಿದೇಶಿ ಹಾರರ್, ಪಾಡ್‌ಕಾಸ್ಟ್, ಆಟಗಳು, ಚಿತ್ರಕಲೆ, ಹರಟೆ.

ಲಾಟೀನು

ಒಂಬತ್ತು ಕೋಣೆ ಬೇಡ. 60 ಜನಕ್ಕೆ ಒಂಬತ್ತು ಕೋಣೆ ಕೊಟ್ಟರೆ ಏಳು ಖಾಲಿ ಬೀಳುತ್ತವೆ. ಹೊಸದಾಗಿ ಬಂದವರು ಕಾಲಿಟ್ಟ ಮೊದಲ ಖಾಲಿ ಕೋಣೆ ನೋಡಿಯೇ ವಾಪಸ್ ಹೋಗುತ್ತಾರೆ. ನಾಲ್ಕು ಸಾಕು: ಸಿನಿಮಾ, ಸ್ವಂತ ಕಥೆ, ಅನುಭವ, ಹರಟೆ. ಒಂದು ಕೋಣೆಯಲ್ಲಿ ಒಂದೇ ವಿಷಯದ ಬಗ್ಗೆ ವಾರಕ್ಕೆ ಹತ್ತು ಸಂದೇಶ ಬರೋಕೆ ಶುರುವಾದ ಮೇಲೆ ಅದಕ್ಕೆ ಬೇರೆ ಕೋಣೆ ತೆಗೆಯಿರಿ. ಆಟ ಆಡುವವರು ಇದ್ದರೆ ಅವರೇ ಕೇಳುತ್ತಾರೆ.

ಜಾಗದ ಆಯ್ಕೆಗೆ ಜನಸಂಖ್ಯೆ ಲೆಕ್ಕಕ್ಕೇ ಬರಲ್ಲ. ವಾಟ್ಸಾಪ್ ಗುಂಪಿಗೆ 1,024 ಜನದ ಮಿತಿ, ಟೆಲಿಗ್ರಾಂ ಗುಂಪಿಗೆ 2 ಲಕ್ಷ. ನೀವು ಎರಡರ ಹತ್ತಿರಕ್ಕೂ ಸದ್ಯಕ್ಕೆ ಹೋಗಲ್ಲ. ನೋಡಬೇಕಾಗಿರೋದು ಕಥೆಯ ಉದ್ದ. ಡಿಸ್ಕಾರ್ಡ್‌ನಲ್ಲಿ ಉಚಿತ ಖಾತೆಯ ಒಂದು ಸಂದೇಶಕ್ಕೆ 2,000 ಕ್ಯಾರೆಕ್ಟರ್, ಟೆಲಿಗ್ರಾಂನಲ್ಲಿ 4,096. ಕನ್ನಡಕ್ಕೆ ಈ ಲೆಕ್ಕ ತುಂಬ ಬಿಗಿ. "ಕೊಳ್ಳಿದೆವ್ವ" ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಮಾತ್ರ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಮಾಡುವ ಅರ್ಧಾಕ್ಷರ ಚಿಹ್ನೆಗಳನ್ನು ಬೇರೆ ಬೇರೆ ಎಣಿಸಿ 11 ಅನ್ನುತ್ತೆ. ಈ ಲೆಕ್ಕದಲ್ಲಿ ಡಿಸ್ಕಾರ್ಡ್‌ನ ಒಂದು ಸಂದೇಶಕ್ಕೆ ಹೆಚ್ಚುಕಡಿಮೆ 200 ಪದ, ಟೆಲಿಗ್ರಾಂನಲ್ಲಿ 400 ಪದ ಹಿಡಿಯುತ್ತೆ. ಸಾವಿರ ಪದದ ಕಥೆ ಡಿಸ್ಕಾರ್ಡ್‌ನಲ್ಲಿ ಐದು ತುಂಡು, ಟೆಲಿಗ್ರಾಂನಲ್ಲಿ ಮೂರು. ತುಂಡುಗಳ ನಡುವೆ ಯಾರೋ ಬಂದು "ಸೂಪರ್ ಮುಂದುವರಿಸಿ" ಅಂದರೆ ಭಯದ ಹದ ಅಲ್ಲಿಗೇ ಕೆಟ್ಟುಹೋಯ್ತು.

ನನ್ನ ಸಲಹೆ ಟೆಲಿಗ್ರಾಂ, ಟಾಪಿಕ್ಸ್ ಆನ್ ಮಾಡಿದ ಒಂದೇ ಗುಂಪು. ಗುಂಪಿನ ಹೆಸರು ಒತ್ತಿ, ಎಡಿಟ್‌ಗೆ ಹೋಗಿ, ಟಾಪಿಕ್ಸ್ ಆನ್ ಮಾಡಿದರೆ ಒಂದು ಗುಂಪಿನೊಳಗೇ ನಾಲ್ಕು ಕೋಣೆ ಆಗುತ್ತೆ. ಹಾಗೇ ಹೊಸಬರಿಗೆ ಹಳೇ ಸಂದೇಶ ಕಾಣುತ್ತಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಟಾಪಿಕ್ಸ್ ಇಲ್ಲದ ಖಾಸಗಿ ಗುಂಪಿನಲ್ಲಿ ಅದು ಮುಚ್ಚಿರುತ್ತೆ, ಸೇರಿದವರಿಗೆ ಬರೀ ಬಿಳಿ ಗೋಡೆ ಕಾಣುತ್ತೆ. "ಸ್ವಂತ ಕಥೆ" ಕೋಣೆಯಲ್ಲಿ ಕಥೆ ಮಾತ್ರ, ಪ್ರತಿಕ್ರಿಯೆ ಎಲ್ಲ ಹರಟೆ ಕೋಣೆಯಲ್ಲಿ. ಬರೆಯುವವರು ಮೂರೂ ಕಂತನ್ನು ಮೊದಲೇ ನೋಟ್ಸ್‌ನಲ್ಲಿ ಸಿದ್ಧಮಾಡಿ ಇಟ್ಟುಕೊಂಡು ಒಟ್ಟಿಗೆ ಹಾಕಲಿ, ಪ್ರತಿ ಕಂತಿನ ತಲೆಯಲ್ಲಿ 1/3, 2/3, 3/3 ಅಂತ ಇರಲಿ. ಚಿತ್ರದ ಕೆಳಗೆ ಕಥೆ ಅಂಟಿಸಲು ಹೋಗಬೇಡಿ. ಚಿತ್ರದ ಅಡಿಬರಹಕ್ಕೆ ಸಾಮಾನ್ಯ ಖಾತೆಯಲ್ಲಿ 1,024 ಕ್ಯಾರೆಕ್ಟರ್ ಮಾತ್ರ, ನೂರು ಪದಕ್ಕೇ ಮುಗಿಯುತ್ತೆ.

ನಂಬರ್ ವಿಷಯ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಬಹುದು, ಆದರೆ ಪ್ರತಿಯೊಬ್ಬರೂ ಅವರವರ ಸೆಟ್ಟಿಂಗ್ಸ್‌ನ ಪ್ರೈವಸಿಗೆ ಹೋಗಿ ಫೋನ್ ನಂಬರ್ ಯಾರಿಗೂ ಕಾಣಬಾರದು ಅಂತ ತಾವೇ ಇಡಬೇಕು. ಅಡ್ಮಿನ್ ಕೈಯಲ್ಲಿ ಅದು ಇಲ್ಲ. ಆ ಮೂರು ಹೆಜ್ಜೆಯ ಸ್ಕ್ರೀನ್‌ಶಾಟ್ ಪಿನ್ ಮಾಡಿ, ಹಳೇ ಗುಂಪಿನವರಿಗೆ ಸೇರುವ ಲಿಂಕ್ ಕೊಡೋಕೆ ಮುಂಚೆಯೇ ಕಳಿಸಿ. ಸದಸ್ಯರ ಪಟ್ಟಿ ಮುಚ್ಚುವ ಆಯ್ಕೆ 100 ಜನ ದಾಟಿದ ಮೇಲಷ್ಟೇ ಬರುತ್ತೆ. ಅಲ್ಲಿಯ ತನಕ ಅಡ್ಮಿನ್ ಒಪ್ಪಿಗೆ ಬೇಕಾಗುವ ಲಿಂಕ್ ಬಳಸಿ, ಎಲ್ಲರಿಗೂ ತೆರೆದ ಯೂಸರ್‌ನೇಮ್ ಬೇಡ.

ಹುಣಸೆಮರ

ಕಥೆಗಳು ಗೂಗಲ್‌ನಲ್ಲಿ ಸಿಗಬೇಕು ಅಂತ ಆಸೆ ಇದೆ. ಹಾಗಾದ್ರೆ ಸ್ವಂತ ಸೈಟ್ ಬೇಕಲ್ವಾ?

ಲಾಟೀನು

ಬೇಕು, ಆದರೆ ಈಗಲ್ಲ. ಟೆಲಿಗ್ರಾಂ, ಡಿಸ್ಕಾರ್ಡ್ ಎರಡರ ಒಳಗಿನ ಮಾತೂ ಹುಡುಕಿದರೆ ಹೊರಗಿನವರಿಗೆ ಸಿಗಲ್ಲ, ಅದು ನಿಜ. 50 ಒಳ್ಳೆ ಕಥೆ ಸೇರಿದ ಮೇಲೆ ಡಿಸ್ಕೋರ್ಸ್ ಹಾಕಿ. ಅದು ಚರ್ಚಾ ವೇದಿಕೆಯ ಸೈಟ್ ನಡೆಸುವ ಮುಕ್ತ ತಂತ್ರಾಂಶ. 1 ಜಿಬಿ ರ‍್ಯಾಮ್ ಇರುವ ಸರ್ವರ್‌ನಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಸೇರಿಸಿದರೆ ಓಡುತ್ತೆ, 2 ಜಿಬಿ ಇದ್ದರೆ ಅಪ್‌ಡೇಟ್ ಮಾಡುವಾಗ ಕುಸಿಯಲ್ಲ. ಡಿಸ್ಕ್ ಕನಿಷ್ಠ 10 ಜಿಬಿ. ಒಂದು ಪೋಸ್ಟ್‌ಗೆ 32,000 ಕ್ಯಾರೆಕ್ಟರ್ ತನಕ ಜಾಗ ಇರೋದ್ರಿಂದ ಮೂರು ಸಾವಿರ ಪದದ ಕಥೆಯೂ ತುಂಡಾಗದೆ ನಿಲ್ಲುತ್ತೆ.

ಎರಡು ಕಡೆ ಎಡವುತ್ತಾರೆ. ಒಂದು, ಇಮೇಲ್. ಹೊಸ ಸದಸ್ಯರಿಗೆ ದೃಢೀಕರಣ ಮೇಲ್ ಹೋಗದಿದ್ದರೆ ಒಬ್ಬರೂ ಒಳಗೆ ಬರಲಾರರು. ಬಹಳಷ್ಟು ಸರ್ವರ್ ಕಂಪನಿಗಳು ಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿರುತ್ತವೆ. ಮೇಲ್ ಕಳಿಸುವ ಬೇರೆ ಸೇವೆ ತಗೊಂಡು 587ನೇ ಪೋರ್ಟ್ ಬಳಸಿ, ಡೊಮೈನ್‌ಗೆ ಎಸ್‌ಪಿಎಫ್, ಡಿಕೆಐಎಂ ದಾಖಲೆ (ಮೇಲ್ ನಿಮ್ಮ ಡೊಮೈನ್‌ನಿಂದಲೇ ಬಂತು ಅನ್ನೋದಕ್ಕೆ ಪುರಾವೆ) ಹಾಕಿ. ಇಲ್ಲದಿದ್ದರೆ ಮೇಲ್ ಹೋದರೂ ಸ್ಪ್ಯಾಮ್‌ಗೆ ಬೀಳುತ್ತೆ. ಎರಡು, ವಿಳಾಸ. ಡಿಸ್ಕೋರ್ಸ್ ಶೀರ್ಷಿಕೆಯಿಂದ ಲಿಂಕ್ ತಯಾರಿಸುವಾಗ ಮೂಲ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಉಳಿಸಿಕೊಳ್ಳುತ್ತೆ, ಹಾಗಾಗಿ ಕನ್ನಡ ಶೀರ್ಷಿಕೆಯ ಪೋಸ್ಟ್‌ಗಳ ಲಿಂಕ್‌ನಲ್ಲೆಲ್ಲ "ಟಾಪಿಕ್" ಅನ್ನೋ ಒಂದೇ ಪದ ಬಂದು ಕೂರುತ್ತೆ. ಸ್ಲಗ್ (ಲಿಂಕ್‌ನಲ್ಲಿ ಬರುವ ಶೀರ್ಷಿಕೆಯ ಭಾಗ) ತಯಾರಿಸುವ ವಿಧಾನವನ್ನು ಆಸ್ಕಿ ಇಂದ ಎನ್‌ಕೋಡೆಡ್‌ಗೆ ಬದಲಿಸಿದರೆ ಕನ್ನಡವೇ ಬರುತ್ತೆ. ಇದನ್ನು ಮೊದಲ ದಿನವೇ ಮಾಡಿ.

ರಾತ್ರಿಪಾಳಿ

ಸ್ಪಾಯ್ಲರ್ ಬಗ್ಗೆ. "ಸ್ಪಾಯ್ಲರ್ ಹಾಕಬೇಡಿ" ಅಂತ ಒಂದು ಸಾಲು ಬರೆದರೆ ಏನೂ ಆಗಲ್ಲ, ಎಲ್ಲರೂ ತಾವು ಹಾಕಿದ್ದು ಸ್ಪಾಯ್ಲರ್ ಅಲ್ಲ ಅಂತಲೇ ನಂಬಿರುತ್ತಾರೆ. ಹೇಗೆ ಬರೆಯಬೇಕು ಅಂತ ಅಚ್ಚು ಹಾಕಿಕೊಡಿ. ಮೊದಲ ಸಾಲಿನಲ್ಲಿ ಸಿನಿಮಾ ಹೆಸರು, ಎಲ್ಲಿಯ ತನಕದ ಮಾತು ಅನ್ನೋದು: "ವಿರಾಮದವರೆಗೆ" ಅಥವಾ "ಪೂರ್ತಿ". ಎರಡನೇ ಸಾಲಿನಿಂದ ಮುಚ್ಚಿದ ಪಠ್ಯ. ಟೆಲಿಗ್ರಾಂ, ಡಿಸ್ಕಾರ್ಡ್ ಎರಡರಲ್ಲೂ ಹಿಂದೆ ಮುಂದೆ ಎರಡೆರಡು ನೇರ ಗೆರೆ ಹಾಕಿದರೆ ಮುಚ್ಚಿಕೊಳ್ಳುತ್ತೆ: ||ಹೀಗೆ||. ಫೋಟೊಗೂ ಮುಚ್ಚುವ ಆಯ್ಕೆ ಎರಡರಲ್ಲೂ ಇದೆ.

ತಪ್ಪು ಆಗೋದು ಎಲ್ಲಿ ಅಂದರೆ, ಮುಚ್ಚಬೇಕಾದ್ದರಲ್ಲಿ ಅರ್ಧ ಮಾತ್ರ ಮುಚ್ಚುತ್ತಾರೆ. ಉದಾಹರಣೆ ನೋಡಿ:

"ಕೊನೆಗೆ ||ಅವನ ಹೆಂಡತಿ|| ಎಲ್ಲರನ್ನೂ ಕೊಂದಳು ಅಂತ ಗೊತ್ತಾದಾಗ ಮೈ ಜುಂ ಅಂತು."

ಹೆಸರು ಮುಚ್ಚಿದೆ, ಕ್ರಿಯಾಪದ ಬಾಯಿ ಬಿಟ್ಟಿದೆ. "ಕೊಂದಳು" ಅಂದ ಮೇಲೆ ಕೊಲೆಗಾರ ಹೆಣ್ಣು ಅಂತ ಗೊತ್ತಾಯ್ತು. ಆ ಸಿನಿಮಾದಲ್ಲಿ ಇರೋದೇ ಇಬ್ಬರು ಹೆಂಗಸರಾದರೆ ಮುಗೀತು ಕಥೆ. ಇಂಗ್ಲಿಷ್‌ನಲ್ಲಿ ಈ ತೊಂದರೆ ಇಲ್ಲ, ನಮ್ಮಲ್ಲಿ ಲಿಂಗ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೆ. ಅದಕ್ಕೆ ನಿಯಮ: ಪದ ಮುಚ್ಚಬೇಡಿ, ವಾಕ್ಯ ಪೂರ್ತಿ ಮುಚ್ಚಿ. ಇನ್ನೊಂದು, "||ಅವಳು ಮೊದಲೇ ಸತ್ತಿರ್ತಾಳೆ|| ಅನ್ನೋ ಟ್ವಿಸ್ಟ್ ಬೊಂಬಾಟ್" ಅಂದರೆ ಒಳಗಿನದು ಕಾಣದಿದ್ದರೂ ಟ್ವಿಸ್ಟ್ ಇದೆ ಅನ್ನೋದು ಹೊರಗೇ ಉಳಿಯಿತು. ಹಾರರ್‌ನಲ್ಲಿ ಅಷ್ಟು ಗೊತ್ತಾದರೆ ನೋಡುವವರು ಮೊದಲ ದೃಶ್ಯದಿಂದಲೇ ಹುಡುಕೋಕೆ ಕೂರುತ್ತಾರೆ.

ಟ್ಯಾಗ್ ಕೂಡ ಸ್ಪಾಯ್ಲರ್ ಆಗುತ್ತೆ, ಇದನ್ನು ಬಹಳ ಜನ ಗಮನಿಸಲ್ಲ. ಮನೆಯಲ್ಲಿ ಇರೋದು ದೆವ್ವವೋ, ಮನಸ್ಸಿನ ಕಾಯಿಲೆಯೋ ಅನ್ನೋದೇ ಎಷ್ಟೋ ಕಥೆಗಳ ಗಂಟು. ಅದಕ್ಕೆ "ಮನೋವೈಜ್ಞಾನಿಕ" ಅಂತ ಟ್ಯಾಗ್ ಅಂಟಿಸಿದ ಕೂಡಲೇ ಗಂಟು ಬಿಚ್ಚಿತು. ಟ್ಯಾಗ್‌ಗಳು ಹೊರಗಿನ ಗುಣವನ್ನಷ್ಟೇ ಹೇಳಲಿ: ಕಪ್ಪುಬಿಳುಪು, ಹಳ್ಳಿ, ಒಂದೇ ಮನೆ, ಫೌಂಡ್ ಫೂಟೇಜ್ (ಪಾತ್ರಗಳೇ ಚಿತ್ರಿಸಿ ಆಮೇಲೆ ಸಿಕ್ಕಿದ ವಿಡಿಯೊ ಅನ್ನೋ ಹಾಗೆ ತೆಗೆದ ಸಿನಿಮಾ; 2013ರ "6-5=2" ಬಂದ ಮೇಲೆ ಕನ್ನಡಕ್ಕೂ ಈ ಟ್ಯಾಗ್ ಬೇಕು), ರಕ್ತ ಹೆಚ್ಚು, ರಕ್ತ ಇಲ್ಲ. ಹೊಸ ಸಿನಿಮಾಕ್ಕೆ ಥಿಯೇಟರ್‌ಗೆ ಬಂದು ಎರಡು ವಾರ, ಆಮೇಲೆ ಓಟಿಟಿಗೆ ಬಂದಾಗ ಮತ್ತೊಂದು ವಾರ ಮುಚ್ಚುವುದು ಕಡ್ಡಾಯ. ಊರಲ್ಲಿ ಥಿಯೇಟರ್ ಇಲ್ಲದವರು, ಹೊರದೇಶದಲ್ಲಿ ಇರುವವರು ಓಟಿಟಿ ಬಂದ ಮೇಲೇ ನೋಡೋದು.

ಚಿತ್ರಗಳ ವಿಷಯದಲ್ಲಿ ನಿಯಮ ಗಟ್ಟಿ ಇರಲಿ. ಸಿನಿಮಾದ, ಮೇಕಪ್ಪಿನ, ಬಿಡಿಸಿದ ರಕ್ತ ಆದರೆ ಮುಚ್ಚಿ ಹಾಕಬಹುದು. ನಿಜವಾದ ಅಪಘಾತ, ಹೆಣ, ಆತ್ಮಹತ್ಯೆಯ ಫೋಟೊ ಹಾಕಿದವರನ್ನು ಎಚ್ಚರಿಕೆ ಕೊಡದೆ ಹೊರಗೆ ಕಳಿಸಿ. ಅದರಲ್ಲಿ ಕಾಣೋರಿಗೆ ಮನೆಯವರು ಇರ್ತಾರೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಜಿಫ್, ವಿಡಿಯೊ ಕೂಡ ಬೇಡ, ಅಪಸ್ಮಾರ ಇರುವವರಿಗೆ ಫಿಟ್ಸ್ ಬರಬಹುದು. ಹೆಡ್‌ಫೋನ್ ಹಾಕಿದವರ ಕಿವಿಗೆ ದಿಢೀರ್ ಕಿರುಚುವ ಆಡಿಯೊಗೆ ಮೊದಲ ಸಾಲಿನಲ್ಲೇ "ಜೋರು ಸದ್ದು, 0:42" ಅಂತ ಸಮಯ ಹಾಕಲಿ.

ಈಗ ಅನುಭವ ಕೋಣೆ. ಇದನ್ನು ಕಥೆ ಕೋಣೆಯಿಂದ ಬೇರೆ ಇಟ್ಟಿದ್ದೀರಲ್ಲ, ಅದೇ ನಿಮ್ಮ ಬಳಗದ ಬೆನ್ನುಮೂಳೆ. ಇವೆರಡು ಬೆರೆತರೆ ಬರೆಯೋರು ತಮ್ಮ ಕಥೆಯನ್ನೇ "ನಿಜ" ಅಂತ ಹಾಕೋಕೆ ಶುರು ಮಾಡ್ತಾರೆ, ಓದುವವರು ನಿಜವಾಗಿ ಹೆದರಿ ಬರೆದವರನ್ನೂ ಕಥೆಗಾರ ಅಂತ ಗೇಲಿ ಮಾಡ್ತಾರೆ. ಎರಡು ಕಡೆಯೂ ನಷ್ಟ. ಕಥೆ ಕೋಣೆಯಲ್ಲಿ "ಇದು ನಡೆದದ್ದು" ಅನ್ನೋ ಹಾಗಿಲ್ಲ. ಅನುಭವ ಕೋಣೆಯಲ್ಲಿ "ಸುಳ್ಳು" ಅನ್ನೋ ಹಾಗೂ ಇಲ್ಲ, "ಪರಿಹಾರ" ಹೇಳೋ ಹಾಗೂ ಇಲ್ಲ.

ಅಲ್ಲಿ ಅತಿ ಹೆಚ್ಚು ಬರೋದು ಒಂದೇ ನಮೂನೆ: ರಾತ್ರಿ ಎಚ್ಚರ ಆಯ್ತು, ಕೈಕಾಲು ಆಡ್ತಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ, ಕೋಣೆಯ ಮೂಲೆಯಲ್ಲಿ ನೆರಳು. ಇದು ನಿದ್ರಾ ಪಾರ್ಶ್ವವಾಯು. ಕನಸು ಕಾಣುವ ಹಂತದ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲಾಗಿರುತ್ತವೆ, ಅದೇ ಹೊತ್ತಿಗೆ ಮನಸ್ಸು ಮಾತ್ರ ಎಚ್ಚರವಾದರೆ ಹೀಗಾಗುತ್ತೆ. ನಿದ್ದೆಗೆಟ್ಟಾಗ, ಅಂಗಾತ ಮಲಗಿದಾಗ ಹೆಚ್ಚು. ಈ ನಾಲ್ಕು ಸಾಲನ್ನು ಪಿನ್ ಮಾಡಿ, ಬರೆದವರ ಪೋಸ್ಟ್ ಅಡಿಯಲ್ಲಿ ಅಂಟಿಸಬೇಡಿ. ಹೆದರಿದವರಿಗೆ ಆ ಹೊತ್ತಲ್ಲಿ ಪಾಠ ರುಚಿಸಲ್ಲ, ಆಮೇಲೆ ತಾವಾಗಿ ಓದಿಕೊಳ್ತಾರೆ. ಧ್ವನಿ ಕೇಳಿಸ್ತಿದೆ, ಬದುಕೋಕೆ ಆಗ್ತಿಲ್ಲ ಅನ್ನೋ ಥರದ ಪೋಸ್ಟ್ ಬಂದರೆ ಒಬ್ಬ ಅಡ್ಮಿನ್ ಖಾಸಗಿಯಾಗಿ ಮಾತಾಡಿ ಟೆಲಿ ಮಾನಸ್‌ನ 14416 ಕೊಡಲಿ. ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಇರುತ್ತೆ.

ಜಾಗಗಳ ಪೋಸ್ಟ್: ಊರಿನ ಹೆಸರು ಸಾಕು, ಮನೆ ಗುರುತು, ಮ್ಯಾಪ್ ಲಿಂಕ್ ಬೇಡ. ಹಾಳುಮನೆ ಅಂತ ನೀವು ಅಂದುಕೊಂಡದ್ದಕ್ಕೂ ಮಾಲೀಕರು ಇರ್ತಾರೆ. ರಾತ್ರಿ ಗೇಟ್ ಹಾರಿ ವಿಡಿಯೊ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್, ಅತಿಕ್ರಮ ಪ್ರವೇಶ. ನಿಜವಾದ ಕೊಲೆ ನಡೆದ ಮನೆಯನ್ನು ದೆವ್ವದ ಮನೆ ಮಾಡಿ ಬರೆಯುವುದನ್ನು ಪೂರ್ತಿ ನಿಲ್ಲಿಸಿ.

ಹುಣಸೆಮರ

"ಪರಿಹಾರ" ಅಂದ್ರಲ್ಲ, ಈಗಾಗಲೇ ವಾಟ್ಸಾಪ್‌ನಲ್ಲೇ ಆ ಕಾಟ ಇದೆ. ಯಾರಾದರೂ ಅನುಭವ ಬರೆದ ಹತ್ತು ನಿಮಿಷಕ್ಕೆ "ಗುರೂಜಿ"ಗಳ ನಂಬರ್ ಬಂದು ಬೀಳುತ್ತೆ. ತಡೆಯೋಕೆ ಬಾಟ್ (ತಾನಾಗಿ ಸಂದೇಶ ನೋಡಿ ಅಳಿಸುವ ಪ್ರೋಗ್ರಾಂ) ಹಾಕಬಹುದಾ?

ಅಕ್ಷರಜಾಲ

ಹಾಕಲೇಬೇಕು. ಕನ್ನಡ ಹಾರರ್ ಗುಂಪಿಗೆ ಬರೋ ಸ್ಪ್ಯಾಮ್‌ನಲ್ಲಿ ಮುಖ್ಯವಾದದ್ದೇ ವಶೀಕರಣ, ಮಾಟ ತೆಗೆಯೋದು, ದೃಷ್ಟಿ ಪರಿಹಾರ. ಹೆದರಿದವರ ಪಟ್ಟಿಯನ್ನು ನಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಅವರಿಗೆ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಅಂಥ ಕೆಲಸ ಮಾಡೋದಷ್ಟೇ ಅಲ್ಲ, ಪ್ರಚಾರ ಮಾಡೋದೂ ಅದರಡಿ ಬರುತ್ತೆ. ಇದನ್ನು ನಿಯಮದಲ್ಲಿ ಹೆಸರಿಟ್ಟೇ ಬರೆಯಿರಿ. ಯಾರಾದರೂ ದುಡ್ಡು ಕಳೆದುಕೊಂಡರೆ ತಕ್ಷಣ 1930ಕ್ಕೆ ಕರೆ ಮಾಡಬೇಕು ಅಂತಲೂ ಸೇರಿಸಿ.

ಫಿಲ್ಟರ್ ಮಾಡುವಾಗ ಮೊದಲ ತಪ್ಪು, ಪದ ನಿಷೇಧ. ದೆವ್ವ, ಹೆಣ, ರಕ್ತ, ಮಾಟ ಇವನ್ನೆಲ್ಲ ನಿಷೇಧಿಸಿದರೆ ಹಾರರ್ ಗುಂಪಿನಲ್ಲಿ ಮಾತಾಡೋಕೆ ಏನು ಉಳೀತು? ಹಿಡಿಯಬೇಕಾಗಿರೋದು ಜೋಡಿಯನ್ನು: ಈ ಪದಗಳಲ್ಲಿ ಒಂದು, ಜೊತೆಗೆ ಫೋನ್ ನಂಬರ್ ಅಥವಾ ಲಿಂಕ್. ಮೊಬೈಲ್ ನಂಬರ್ ಅಂದರೆ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತು ಅಂಕಿ. ನಡುವೆ ಜಾಗ, ಚುಕ್ಕೆ, ಅಡ್ಡಗೆರೆ ಹಾಕಿ ತಪ್ಪಿಸಿಕೊಳ್ತಾರೆ, ಅವನ್ನೆಲ್ಲ ಮೊದಲು ಕಿತ್ತು ಹಾಕಿ. ೯೮ ಅಂತ ಕನ್ನಡ ಅಂಕಿಯಲ್ಲೂ ಬರೀತಾರೆ. ಪೈಥಾನ್‌ನಲ್ಲಿ ಅಂಕಿ ಹುಡುಕುವ ಕೋಡ್ ಕನ್ನಡ ಅಂಕಿಯನ್ನೂ ಹಿಡಿಯುತ್ತೆ, ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿಯಲ್ಲ, ನೀವೇ ೦ಯಿಂದ ೯ರ ತನಕ ಸೇರಿಸಬೇಕು.

ಎರಡನೇ ತಪ್ಪು ಸ್ವಲ್ಪ ಸೂಕ್ಷ್ಮ, ಆದರೆ ಕನ್ನಡ ಬಾಟ್ ಬರೆಯುವ ಬಹುತೇಕ ಎಲ್ಲರೂ ಇದಕ್ಕೆ ಬೀಳ್ತಾರೆ. ಪದದ ಅಂಚು ಹುಡುಕುವ ಕೋಡ್ ಇದೆಯಲ್ಲ, ವರ್ಡ್ ಬೌಂಡರಿ, ಅದು ಪೈಥಾನ್‌ನ ಮಾಮೂಲಿ "ರೀ" ಮಾಡ್ಯೂಲ್‌ನಲ್ಲಿ ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರ ಅಂತಲೇ ಪರಿಗಣಿಸಲ್ಲ. ಅದರ ಕಣ್ಣಿಗೆ ಗುಡಿಸು, ದೀರ್ಘ, ಕೊಂಬು ಎಲ್ಲ ಪೂರ್ಣವಿರಾಮ ಇದ್ದ ಹಾಗೆ. "ಗುರೂಜಿ" ಅನ್ನೋದು ಗುಡಿಸಿನಲ್ಲಿ ಮುಗಿಯುತ್ತೆ. ಗುಡಿಸೂ ಪದವಲ್ಲ, ಆಮೇಲಿನ ಖಾಲಿ ಜಾಗವೂ ಪದವಲ್ಲ, ಹಾಗಾದರೆ ಅಲ್ಲಿ ಅಂಚೇ ಇಲ್ಲ ಅಂತ ತೀರ್ಮಾನ ಮಾಡಿ ಗುರೂಜಿಯನ್ನು ಜೀವಮಾನದಲ್ಲಿ ಹಿಡಿಯಲ್ಲ. ಅದೇ "ಕಾಟ" ಅಂತ ಹಾಕಿದ್ದರೆ "ಕಾಟಾಚಾರಕ್ಕೆ ತೆಗೆದ ಸಿನಿಮಾ" ಅಂತ ಬರೆದ ಪಾಪದವರ ವಿಮರ್ಶೆಯನ್ನು ಅಳಿಸುತ್ತೆ, ಯಾಕಂದ್ರೆ ಟ ಆದ ಮೇಲೆ ಬಂದ ದೀರ್ಘವನ್ನು ಪದದ ಕೊನೆ ಅಂದುಕೊಳ್ತು. "ರೆಜೆಕ್ಸ್" ಅನ್ನೋ ಬೇರೆ ಮಾಡ್ಯೂಲ್ ಹಾಕಿಕೊಂಡರೆ ಸರಿಹೋಗುತ್ತೆ.

ಅದರ ಜೊತೆಗೆ, ಹೋಲಿಸುವ ಮುಂಚೆ ಪಠ್ಯವನ್ನು ತೊಳೆಯಬೇಕು. "ಕೊ"ದ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡು ಕೋಡ್ ಆಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಎನ್‌ಎಫ್‌ಸಿ ನಾರ್ಮಲೈಸೇಶನ್ (ಇಂಥ ಕೋಡ್‌ಗಳನ್ನು ಒಂದೇ ರೂಪಕ್ಕೆ ತರುವ ಯುನಿಕೋಡ್ ವಿಧಾನ) ಮಾಡಿದರೆ ಒಂದಾಗುತ್ತವೆ. ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕ, ಬೇರ್ಪಡಕಗಳನ್ನು ತೆಗೆದುಹಾಕಿ. ಅನುಸ್ವಾರದ ಬದಲು ಕನ್ನಡ ಸೊನ್ನೆ ಒತ್ತುವವರು ಇವತ್ತಿಗೂ ಇದ್ದಾರೆ: "ಮಂತ್ರ" ಮತ್ತು "ಮ೦ತ್ರ" ಒಂದರ ಪಕ್ಕ ಒಂದಿಟ್ಟರೂ ವ್ಯತ್ಯಾಸ ಕಾಣಲ್ಲ. ಇದನ್ನು ಎನ್‌ಎಫ್‌ಸಿ ಸರಿಮಾಡಲ್ಲ, ವ್ಯಂಜನದ ಅಥವಾ ಸ್ವರಚಿಹ್ನೆಯ ಪಕ್ಕದಲ್ಲಿ ಸೊನ್ನೆ ಬಂದರೆ ಅನುಸ್ವಾರ ಮಾಡು ಅಂತ ನೀವೇ ಬರೀಬೇಕು.

ಕೋಡ್ ಬರೆಯೋರು ಇಲ್ಲದಿದ್ದರೆ ಟೆಲಿಗ್ರಾಂಗೆ ರೋಸ್ ಬಾಟ್ ಸೇರಿಸಿ, ಮೂರು ಕೆಲಸ ಮಾಡಿಸಿ: ಸೇರುವಾಗ ಕ್ಯಾಪ್ಚಾ (ಮನುಷ್ಯರೇ ಹೌದಾ ಅನ್ನೋ ಪರೀಕ್ಷೆ), ಲಿಂಕ್ ಲಾಕ್, ಫಾರ್ವರ್ಡ್ ಲಾಕ್. ಮುಕ್ಕಾಲು ಪಾಲು ಸ್ಪ್ಯಾಮ್ ಅಲ್ಲೇ ನಿಲ್ಲುತ್ತೆ. ಮುಂದೆ ಡಿಸ್ಕಾರ್ಡ್‌ಗೆ ಹೋದರೆ ಅಲ್ಲಿನ ಆಟೋಮಾಡ್‌ನಲ್ಲಿ (ಸಂದೇಶಗಳನ್ನು ತಾನಾಗಿ ತಡೆಯುವ ವ್ಯವಸ್ಥೆ) ಪದದ ಕೊನೆಗೆ ನಕ್ಷತ್ರ (*) ಹಾಕೋದು ಮರೆಯಬೇಡಿ. ಕನ್ನಡದಲ್ಲಿ ಪದ ಒಂಟಿಯಾಗಿ ಬರೋದೇ ಅಪರೂಪ, ವಶೀಕರಣಕ್ಕೆ, ವಶೀಕರಣದ, ವಶೀಕರಣವೇ ಅಂತ ಬಾಲ ಹೊತ್ತೇ ಬರುತ್ತೆ. ನಕ್ಷತ್ರ ಇಲ್ಲದಿದ್ದರೆ ಅವೆಲ್ಲ ನುಸುಳಿ ಹೋಗ್ತವೆ.

ರಾತ್ರಿಪಾಳಿ

ಅಡ್ಮಿನ್ ಸಮಯದ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಹಾರರ್ ಗುಂಪು ಜೀವ ಪಡೆಯೋದು ರಾತ್ರಿ ಹತ್ತರ ಮೇಲೆ, ಇಲ್ಲಿಯ ಅಡ್ಮಿನ್‌ಗಳು ಮಲಗುವ ಹೊತ್ತಿಗೆ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರನ್ನು ಅಡ್ಮಿನ್ ಮಾಡಿ. ಇಲ್ಲಿ ರಾತ್ರಿ ಹನ್ನೆರಡೂವರೆ ಆದಾಗ ಚಳಿಗಾಲದಲ್ಲಿ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ ಎರಡು, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ ಹನ್ನೊಂದು. ಅದೂ ಆಗದಿದ್ದರೆ ರಾತ್ರಿ ಒಂದರಿಂದ ಬೆಳಗ್ಗೆ ಆರರ ತನಕ ಸ್ಲೋ ಮೋಡ್ (ಒಂದು ಸಂದೇಶ ಹಾಕಿದವರು ಮುಂದಿನದಕ್ಕೆ ಕಾಯಬೇಕಾದ ಹೊತ್ತು) ಐದು ನಿಮಿಷಕ್ಕೆ ಇಡಿ.

ಲಾಟೀನು

ಜನ ಸೇರಿಸೋದರ ಬಗ್ಗೆ ಯಾರೂ ಹೇಳಲಿಲ್ಲ. 60 ಜನರನ್ನೂ ಒಂದೇ ದಿನ ಹೊಸ ಜಾಗಕ್ಕೆ ಎಳೆಯಬೇಡಿ. ವಾಟ್ಸಾಪ್‌ನಲ್ಲಿ ನಿಜವಾಗಿ ಬರೆಯುವ 12-15 ಜನರನ್ನು ಮೊದಲು ಕರೆದು, ಎರಡು ವಾರ ಅವರಿಂದಲೇ ಪ್ರತಿ ಕೋಣೆಯಲ್ಲಿ ಐದಾರು ಒಳ್ಳೆ ಪೋಸ್ಟ್ ಹಾಕಿಸಿ. ಆಮೇಲೆ ಉಳಿದವರು. ಮೊದಲ ತಿಂಗಳು ಹೊಸಬರ ಮೊದಲ ಪೋಸ್ಟ್‌ಗೆ ಅರ್ಧ ದಿನದೊಳಗೆ ಉತ್ತರ ಹೋಗಲೇಬೇಕು, ಯಾವ ದಿನ ಯಾರ ಪಾಳಿ ಅಂತ ಬರೆದಿಟ್ಟುಕೊಳ್ಳಿ. ಮೊದಲ ಕಥೆಗೆ ಉತ್ತರ ಬರದ ಹುಡುಗ ಎರಡನೇದು ಬರೆಯಲ್ಲ.

ತಿಂಗಳ ತಾಳಕ್ಕೆ ಅಮಾವಾಸ್ಯೆಗಿಂತ ಒಳ್ಳೇದು ಏನಿದೆ? ಪಂಚಾಂಗ ನೋಡಿ ಅಮಾವಾಸ್ಯೆ ರಾತ್ರಿ ಹತ್ತಕ್ಕೆ ವಾಯ್ಸ್ ಚಾಟ್ ತೆಗೆದು ಒಂದು ಕಥೆ ಓದಿಸಿ. 1,500 ಪದದೊಳಗಿನ ಕಥೆ ಆದರೆ ನಿಧಾನಕ್ಕೆ ಓದಿದರೂ ಹದಿನೈದು ನಿಮಿಷ. ಓದುವವರ ಬಿಟ್ಟು ಎಲ್ಲರ ಮೈಕ್ ಮ್ಯೂಟ್. ಸೀಲಿಂಗ್ ಫ್ಯಾನ್ ಸದ್ದು ಕಥೆಯನ್ನು ಕೊಲ್ಲುತ್ತೆ, ಓದುವವರು ಅದನ್ನು ಆರಿಸಿ ಕೂರಲಿ.

ಒಟ್ಟಿಗೆ ಸಿನಿಮಾ ನೋಡೋದಾದರೆ ಸ್ಕ್ರೀನ್ ಹಂಚಬೇಡಿ. ಓಟಿಟಿಗಳು ಹಂಚಿದ ಪರದೆಯನ್ನು ಕಪ್ಪು ಮಾಡುತ್ತವೆ, ಹಕ್ಕುಸ್ವಾಮ್ಯದ ತೊಡಕು ಬೇರೆ. ಪ್ರತಿಯೊಬ್ಬರೂ ತಮ್ಮ ತಮ್ಮಲ್ಲಿ ಹಾಕಿಕೊಂಡು ಒಂದೇ ಕ್ಷಣಕ್ಕೆ ಒತ್ತಬೇಕು. ಒಂದೊಂದು ಕಡೆ ಶುರುವಿನ ಪ್ರಮಾಣಪತ್ರ, ಧೂಮಪಾನದ ಎಚ್ಚರಿಕೆ, ಪ್ರಾಯೋಜಕರ ಪಟ್ಟಿಯ ಉದ್ದ ಬೇರೆ ಬೇರೆ ಇರೋದ್ರಿಂದ 0:00ರಿಂದ ಒತ್ತಿದರೆ ಒಂದು ನಿಮಿಷದ ತನಕ ಹಿಂದುಮುಂದಾಗಿ, ಒಬ್ಬರು ಬೆಚ್ಚಿಬಿದ್ದದ್ದನ್ನು ಚಾಟ್‌ನಲ್ಲಿ ನೋಡಿ ಇನ್ನೊಬ್ಬರು ಮುಂಚೆಯೇ ಕಣ್ಣು ಮುಚ್ಚಿಕೊಳ್ತಾರೆ. ಎಲ್ಲರೂ ಚಿತ್ರದ ಹೆಸರು ಬೀಳುವ ಚೌಕಟ್ಟಿನಲ್ಲಿ ನಿಲ್ಲಿಸಿ, ಅಲ್ಲಿಂದ ಮೂರು, ಎರಡು, ಒಂದು. "ವಿರಾಮ" ಕಾರ್ಡ್ ಇದ್ದರೆ ಅಲ್ಲಿ ಮತ್ತೊಮ್ಮೆ ಹೊಂದಿಸಿ. ಮೊದಲ ಸಲಕ್ಕೆ 1979ರ "ನಾ ನಿನ್ನ ಬಿಡಲಾರೆ" ಒಳ್ಳೇ ಆಯ್ಕೆ, ಮೂರು ತಲೆಮಾರಿಗೂ ಮಾತಾಡೋಕೆ ಏನಾದರೂ ಇರುತ್ತೆ.

ಕಥೆಗಳ ಹಕ್ಕು ಬರೆದವರದ್ದೇ ಅಂತ ನಿಯಮದಲ್ಲಿ ಹಾಕಿ. ಪ್ರತಿ ಕಥೆಯ ಕೊನೇ ಸಾಲಿನಲ್ಲಿ "ಧ್ವನಿ ಮಾಡಲು ಕೇಳಿ" ಅಥವಾ "ಧ್ವನಿಗೆ ಒಪ್ಪಿಗೆ ಇದೆ" ಅಂತ ಇರಲಿ, ವಿಡಿಯೊ ಚಾನೆಲ್‌ಗಳು ಎತ್ತಿಕೊಂಡು ಹೋದಾಗ ಹಿಡಿದು ಕೇಳೋಕೆ ಒಂದು ಆಧಾರ ಆಗುತ್ತೆ. ಸ್ಕ್ಯಾನ್ ಮಾಡಿದ ಕಾದಂಬರಿ ಪಿಡಿಎಫ್‌ಗಳಿಗೆ ಜಾಗ ಬೇಡ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ, ದೂರು ಬಂದರೆ ಗುಂಪೇ ಮುಚ್ಚಿಹೋಗಬಹುದು.

ಕಡಲತಡಿ

ಮೇಲಿನದ್ದೆಲ್ಲ ಒಳ್ಳೆ ಮಾತು. ಒಂದು ಹೆಸರು ಮಾತ್ರ ಈಗಲೇ ಬದಲಾಯಿಸಿ: "ಭೂತಬಂಗಲೆ". ಕೋಣೆ ಬೇಡ ಅಂತ ತೀರ್ಮಾನ ಆದರೂ ಟ್ಯಾಗ್ ಆಗಿ ವಾಪಸ್ ಬಂದೇ ಬರುತ್ತೆ.

ಘಟ್ಟದ ಮೇಲೆ ಭೂತ ಅಂದರೆ ದೆವ್ವ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ತುಳುನಾಡಿನಲ್ಲಿ ಭೂತ ಅಂದರೆ ದೈವ. ಪಂಜುರ್ಲಿ, ಗುಳಿಗ, ಜುಮಾದಿ ಮನೆ ಕಾಯುವವರು, ಊರಿನ ನ್ಯಾಯ ಹೇಳುವವರು. ಕೋಲ, ನೇಮ ನಡೆಯುವಾಗ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಬೆಳಗಿನ ತನಕ ಕೂರುತ್ತಾರೆ. ಅದರ ಫೋಟೊಗೆ "ಹಾರರ್" ಅಂತ ಟ್ಯಾಗ್ ಬಿದ್ದರೆ ಕರಾವಳಿಯ ಸದಸ್ಯರು ಜಗಳವನ್ನೂ ಆಡದೆ ಸುಮ್ಮನೆ ಹೊರಟುಹೋಗ್ತಾರೆ. ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಬೇರೆಯೇ ಪದ ಇದೆ, ಕುಲೆ. ಮದುವೆಯಾಗದೆ ತೀರಿಕೊಂಡವರಿಗೆ ಮನೆಯವರು ಮಾಡಿಸುವ ಕುಲೆ ಮದುವೆಯ ವಿಡಿಯೊಗಳೂ ಆಗಾಗ ಹರಿದಾಡುತ್ತವೆ. ಅದು ಮಗು ಕಳೆದುಕೊಂಡ ಮನೆಯ ದುಃಖ, ಅದನ್ನು ಹೆದರಿಸುವ ಸರಕು ಮಾಡಬೇಡಿ.

ಹಾಗಂತ ಕರಾವಳಿಯ ಕಥೆಗಳೇ ಬೇಡ ಅಂತಲ್ಲ, ಬೇಕು. ನಿಯಮ ಹೀಗೆ ಬರೆಯಬಹುದು: ಟ್ಯಾಗ್, ಕೋಣೆ, ಶೀರ್ಷಿಕೆಗಳಲ್ಲಿ "ದೆವ್ವ" ಬಳಸಿ, "ಭೂತ" ಬೇಡ. ದೈವಾರಾಧನೆಯ ಫೋಟೊ, ವಿಡಿಯೊ, ವೇಷದ ಅನುಕರಣೆ ಬೇಡ. ಪಾಡ್ದನದ (ದೈವಗಳ ಕಥೆ ಹೇಳುವ ತುಳು ಹಾಡು) ಕಥೆ ಹೇಳುವವರು ಯಾರಿಂದ, ಯಾವ ಊರಲ್ಲಿ ಕೇಳಿದ್ದು ಅಂತ ಮೊದಲ ಸಾಲಿನಲ್ಲಿ ಬರೆಯಲಿ. ಪದಕ್ಕೆ ಬಾಟ್ ಹಾಕಬೇಡಿ, ವರ್ತಮಾನ, ಭೂತ, ಭವಿಷ್ಯತ್ ಅಂತ ಬರೆದವರೂ ಸಿಕ್ಕಿಬೀಳ್ತಾರೆ. ಇದನ್ನು ಮನುಷ್ಯರೇ ನೋಡಬೇಕು. ಅಡ್ಮಿನ್‌ಗಳಲ್ಲಿ ತುಳು ಬಲ್ಲವರು ಒಬ್ಬರು ಇರಲಿ.

ಹುಣಸೆಮರ

ಬದಲಿಸಿದೆ. ಸಿನಿಮಾ, ಸ್ವಂತ ಕಥೆ, ಅನುಭವ, ಹರಟೆ, ನಾಲ್ಕೇ ಕೋಣೆ. ಟ್ಯಾಗ್ "ಹಾಳುಮನೆ". ಮೊದಲ ಹದಿನೈದು ಜನರಿಗೆ ನಂಬರ್ ಮುಚ್ಚುವ ಸ್ಕ್ರೀನ್‌ಶಾಟ್ ಇವತ್ತು ಹೋಗುತ್ತೆ, ಲಿಂಕ್ ನಾಳೆ. ತುಳು ಬಲ್ಲ ಅಡ್ಮಿನ್ ಸಿಗುವ ತನಕ ಪಾಡ್ದನದ ಪೋಸ್ಟ್‌ಗಳನ್ನು ತಡೆದಿಟ್ಟು ನಿಮಗೆ ತೋರಿಸಬಹುದಾ?

ಕಡಲತಡಿ

ಕಳಿಸಿ, ನೋಡ್ತೇನೆ.